ಓದದೆ ಬಿಟ್ಟ ಪರ್ಮಿಷನ್

"ರೀ... ನಮ್ಮಮ್ಮನ ಹಾಲಿಗೆ ಬೇರೆಯವರ ಫ್ಯಾಟ್ ಹಾಕಿದ್ದು ನೀವೇನಾ?"

ಡೇರಿಯಲ್ಲಿ ಕ್ಯಾನು ಹಿಡಿದು ಸಾಲು ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗ ಗಾಬರಿಯಿಂದ ಎದ್ದು ನಿಂತ. ತೆಳ್ಳಗಿನ ಮೈ, ಹಣೆಯಲ್ಲಿ ವಿಭೂತಿ, ಜೇಬಿನಿಂದ ಇಣುಕುತ್ತಿದ್ದ ರೈಲಿನ ಪಾಸು.

ನೋಡೋಕೆ ಪಾಪದವನ ಹಾಗಿದ್ದಾನೆ. ಮಾಡೋ ಕೆಲಸ ನೋಡಿದ್ರೆ! ಎಂದುಕೊಂಡಳು ಲಿಖಿತ.

"ತೂಕ ಬರೆಯೋ ಪ್ರೋಗ್ರಾಂ ಯಾರದು?" ಅವನು ಮೆತ್ತಗೆ ಕೇಳಿದ.

"ನಂದು. ಯಾಕೆ?"

"ಹಾಲಲ್ಲಿ ಎಷ್ಟು ಕೊಬ್ಬಿದೆ ಅಂತ ಫ್ಯಾಟ್ ಬರೆಯೋದು ನಂದು. ಇಬ್ಬರೂ ಒಂದೇ ಚೀಟೀಲಿ ಒಟ್ಟೊಟ್ಟಿಗೆ ಬರೀತಾ ಇದೀವಿ ಮೇಡಂ. ಅದಕ್ಕೇ ಈ ಗಲಾಟೆ."

ಲಿಖಿತಳ ಬಾಯಿ ಕಟ್ಟಿತು. ಸಾಲಿನಲ್ಲಿದ್ದ ಅವಳ ಅಮ್ಮ ಮುನಿಗಂಗಮ್ಮನ ಬಾಯಿಗೆ ಆ ತೊಂದರೆ ಇರಲಿಲ್ಲ.

"ಏಯ್ ಲಿಖಿತಾ, ಅದ್ಯಾಕಂಗೆ ಕಿರುಚ್ಕೊಂತೀಯ ಆ ಉಡುಗನ ಮ್ಯಾಲೆ? ಕೂತ್ಕೊಂಡು ಇಬ್ರೂ ಸರಿ ಮಾಡ್ರಿ. ಆಲು ಒಡ್ದೋಗ್ತದೆ!"

ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಲಿಖಿತಳಿಗೆ ಮಾತ್ರ ಕೆನ್ನೆ ಬಿಸಿಯಾಯಿತು.

ಅವನ ಹೆಸರು ಸಾಯಿಕುಮಾರ್. ಊರು ಮಾರಿಕುಪ್ಪಂ. ಬಂಗಾರಪೇಟೆಯಲ್ಲಿ ಡೇರಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುವ ಒಂದು ಚಿಕ್ಕ ಆಫೀಸಿಗೆ ಹೊಸದಾಗಿ ಸೇರಿದ್ದ. ಲಿಖಿತ ಅದೇ ಆಫೀಸಿನವಳಾದರೂ, ಊರೂರು ಡೇರಿ ಸುತ್ತುವ ಕೆಲಸದಲ್ಲಿ ಅವನನ್ನು ಅದುವರೆಗೆ ಕಂಡಿರಲಿಲ್ಲ. ಕ್ಯಾಸಂಬಳ್ಳಿ ಹತ್ತಿರದ ಈ ಡೇರಿ ಅವಳ ಸ್ವಂತ ಊರಿನದೇ. ಊರಿನವರ ಮುಂದೆ ತನ್ನ ಕೆಲಸ ಚೆಂದ ಕಾಣಬೇಕು ಎಂಬ ಆಸೆ ಅವಳಿಗೆ ಜೀವಕ್ಕಿಂತ ಹೆಚ್ಚು. ಮುಂದೆ ನಡೆದ ಎಲ್ಲದಕ್ಕೂ ಆ ಆಸೆಯೇ ಕಾರಣವಾಯಿತು.

ಮಾರನೇ ದಿನ ಆಫೀಸಿನಲ್ಲಿ ಅವನು ಕುರ್ಚಿ ಎಳೆದುಕೊಂಡು ಬಂದು ಹೇಳಿದ.

"ಒಂದೇ ಹಳಿ ಇರೋ ಕಡೆ ಏನ್ಮಾಡ್ತಾರೆ? ಒಂದು ರೈಲು ಒಳಗಿದ್ರೆ ಇನ್ನೊಂದಕ್ಕೆ ಸಿಗ್ನಲ್ ಕೊಡಲ್ಲ. ನಮ್ಮ ಎರಡು ಪ್ರೋಗ್ರಾಮಿಗೂ ಹಾಗೇ ಒಂದು ಬೀಗ ಹಾಕೋಣ. ಯಾರು ಹಿಡಿದಿರ್ತಾರೋ ಅವರು ಬರೀಲಿ. ಬರೆದು ಬಿಟ್ಟ ಮೇಲೆ ಇನ್ನೊಬ್ಬರು."

ಕಂಪ್ಯೂಟರ್ ಓದಿದವರು ಅದಕ್ಕೆ ಮ್ಯೂಟೆಕ್ಸ್ ಅನ್ನುತ್ತಾರೆ. ಇವರಿಬ್ಬರೂ ಮೊದಲಿನಿಂದ ಕೊನೆಯವರೆಗೂ ಅದನ್ನು ಬೀಗ ಎಂದೇ ಕರೆದರು. ಅವನ ಪ್ರೋಗ್ರಾಂ ಶುರುವಾದಾಗ ಬೀಗವೂ ಹುಟ್ಟುತ್ತಿತ್ತು. ಯಾರಿಗೆ ಏನು ಪರ್ಮಿಷನ್ ಎಂಬುದನ್ನು ಅವನೇ ಬರೆಯುತ್ತಿದ್ದ. ಬೀಗ ಹಿಡಿಯುವ, ಬಿಡುವ ಹಕ್ಕು ಬೇರೆ. ನಿಯಮಗಳನ್ನು ಓದುವ ಹಕ್ಕು ಬೇರೆ. ನಿಯಮಗಳನ್ನೇ ಬದಲಿಸುವ ಹಕ್ಕು ಇನ್ನೂ ಬೇರೆ.

"ನನ್ನ ಪ್ರೋಗ್ರಾಮಿಗೆ ಎಲ್ಲಾ ಬೇಕು," ಎಂದಳು ಲಿಖಿತ.

"ಎಷ್ಟು ಬೇಕೋ ಅಷ್ಟೇ ಕೇಳು. ಎಲ್ಲಾ ಒಟ್ಟಿಗೆ ಕೇಳಿದ್ರೆ, ಅದರಲ್ಲಿ ಒಂದು ಇಲ್ದಿದ್ರೂ ಪೂರ್ತಿ ಇಲ್ಲ ಅಂದ್ಬಿಡುತ್ತೆ."

"ನಾನು ಕೇಳೋದೇ ಹಾಗೆ ಕಣೋ! ಕೊಟ್ರೆ ಪೂರ್ತಿ ಕೊಡಬೇಕು. ಇಲ್ಲಾಂದ್ರೆ ಏನೂ ಬೇಡ!"

ಅವನು ನಗುತ್ತಾ ತಲೆ ಅಲ್ಲಾಡಿಸಿದ. ಅವಳ ಪ್ರೋಗ್ರಾಂ ಹಾಗೇ ಉಳಿಯಿತು. ಅವಳೂ ಹಾಗೇ ಉಳಿದಳು.

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. ಮಧ್ಯಾಹ್ನ ಡಬ್ಬಿಗಳು ಅದಲು ಬದಲಾಗುತ್ತಿದ್ದವು. ಅವನಮ್ಮ ಮಾರಿಯಮ್ಮ ಕಳಿಸಿದ ಹುಣಸೆ ಅನ್ನ, ಅವರ ಮಾತಲ್ಲಿ ಪುಳಿ ಸಾದಂ, ಇವಳಿಗೆ. ಇವಳ ರಾಗಿ ಮುದ್ದೆ, ಹುರಳಿ ಸಾರು ಅವನಿಗೆ.

"ಅಯ್ಯೋ, ಅಗಿಯೋದಲ್ಲ ಕಣೋ! ಮುದ್ದೆ ನುಂಗೋದು!"

"ಗಂಟಲಲ್ಲಿ ಸಿಕ್ಕೊಂಡ್ರೆ?"

"ನಾನಿಲ್ವಾ? ಬೆನ್ನಿಗೆ ಗುದ್ದೋಕೆ!"

ಅವನು ಅವಳನ್ನೇ ನೋಡುತ್ತಾ ಒಂದು ತುತ್ತು ನುಂಗಿದ. ಕಣ್ಣಲ್ಲಿ ನೀರು ಬಂತು. ಅವಳು ನಗುತ್ತಾ ನಿಜವಾಗಿಯೂ ಬೆನ್ನಿಗೆ ಗುದ್ದಿದಳು. ಕೈ ಅಲ್ಲೇ ಒಂದು ಕ್ಷಣ ಹೆಚ್ಚು ಉಳಿಯಿತು...

ಇದೇನಾಗ್ತಿದೆ ನನಗೆ?

ಡೇರಿಯಲ್ಲಿ ಹೊಸ ಏರ್ಪಾಡು ಶುರುವಾಗುವ ದಿನ ಗೊತ್ತಾಯಿತು. ಕೋಲಾರದಿಂದ ದೊಡ್ಡವರು ನೋಡಲು ಬರುವವರಿದ್ದರು. ಡೇರಿಯ ಸೆಕ್ರೆಟರಿ ಕೋದಂಡಪ್ಪ ಲಿಖಿತಳನ್ನು ಕರೆದು ಹೇಳಿದರು.

"ಇದೊಂದು ಸರಿಯಾಗಿ ಆಗ್ಬುಡ್ಲಿ ತಾಯಿ. ಸುತ್ತಮುತ್ತಲ ಡೇರಿ ಕೆಲ್ಸ ಎಲ್ಲಾ ನಿಂಗೇ ಕೊಡ್ಸೋ ಜವಾಬ್ದಾರಿ ನಂದು."

ಸಾಯಿ ಅವಳ ಕಿವಿಯ ಬಳಿ ಬಗ್ಗಿ ಹೇಳಿದ್ದ. "ಅವತ್ತು ಕೆಲಸ ಎಲ್ಲಾ ಮುಗೀಲಿ. ನಿಂಗೊಂದು ಮಾತು ಹೇಳೋದಿದೆ."

ಹಿಂದಿನ ಸಂಜೆ ಅವಳು ಬೇತಮಂಗಲದಲ್ಲಿ ನೆಂಟರ ಆರತಕ್ಷತೆಗೆ ಹೋಗಿದ್ದಳು. ಓಲಗದ ಸದ್ದಿನಲ್ಲಿ ಚೀಲದೊಳಗಿನ ಫೋನು ಕೇಳಿಸಲಿಲ್ಲ. ಬೆಳಿಗ್ಗೆ ನೋಡಿದರೆ ಪರದೆಯ ತುಂಬ ಸಾಯಿಯದೇ ಮಿಸ್ ಕಾಲ್!

ಹೇಳೋ ಮಾತಿಗೆ ಇಷ್ಟು ಅವಸರನಾ? ತಡಿ, ಎದುರಿಗೇ ಕೇಳ್ತೀನಿ.

ಅವಳು ತಿರುಗಿ ಫೋನು ಮಾಡಲಿಲ್ಲ. ನಗುತ್ತಲೇ ಜಡೆ ಹೆಣೆದುಕೊಂಡಳು. ಆ ಒಂದು ಫೋನು ಮಾಡಿದ್ದಿದ್ದರೆ... ಎಂದು ಆಮೇಲೆ ಅವಳು ಎಷ್ಟು ಸಲ ಹಲುಬಿದಳೋ ಆ ದೇವರಿಗೇ ಗೊತ್ತು.

ಡೇರಿಯಲ್ಲಿ ಮೊದಲ ಕ್ಯಾನು ತೂಕಕ್ಕೆ ಬಂತು. ಲಿಖಿತ ಗುಂಡಿ ಒತ್ತಿದಳು.

ಪರದೆಯಲ್ಲಿ ಒಂದೇ ಸಾಲು. 'ಅನುಮತಿ ಇಲ್ಲ.'

ಮತ್ತೆ ಒತ್ತಿದಳು. 'ಅನುಮತಿ ಇಲ್ಲ.'

ಬೆನ್ನ ಹಿಂದೆ ದೊಡ್ಡವರು ಗಡಿಯಾರ ನೋಡಿಕೊಂಡರು. ಅವಳು ಪರದೆಯ ಕೆಳಗಿದ್ದ ಸಣ್ಣ ಅಕ್ಷರದ ಸಾಲು ಓದಿದಳು. ಬೀಗದ ನಿಯಮವನ್ನು ನಿನ್ನೆ ಸಂಜೆ ಬದಲಿಸಲಾಗಿದೆ. ಬದಲಿಸಿದವನು... ಸಾಯಿಕುಮಾರ್!

ನನ್ನ ಪ್ರೋಗ್ರಾಮನ್ನ ಹೊರಗೆ ಹಾಕಿದ್ದಾನೆ. ಇವತ್ತೇ. ಎಲ್ಲರೂ ನೋಡೋ ದಿನವೇ!

ಅಷ್ಟರಲ್ಲಿ ಅವನು ಬಸ್ಸಿಳಿದು ಓಡುತ್ತಾ ಬಂದ.

"ಲಿಖಿತಾ, ಒಂದ್ನಿಮಿಷ ಹೊರಗೆ ಬಾ."

"ಇಲ್ಲೇ ಹೇಳು! ಎಲ್ಲರ ಮುಂದೇನೇ ಹೇಳು! ನನ್ನ ಪ್ರೋಗ್ರಾಮಿಗೆ ಬೀಗ ಸಿಗದ ಹಾಗೆ ಮಾಡಿದ್ದು ನೀನೇ ತಾನೇ?"

ಅವನು ದೊಡ್ಡವರನ್ನು ನೋಡಿದ. ಕೋದಂಡಪ್ಪನವರನ್ನು ನೋಡಿದ. ಕ್ಯಾನು ಹಿಡಿದು ನಿಂತಿದ್ದ ಮುನಿಗಂಗಮ್ಮನನ್ನು ನೋಡಿದ. ತೆರೆದ ಬಾಯಿ ಮುಚ್ಚಿಕೊಂಡ.

"ನಿಯಮ ಓದಿದ್ಯಾ?" ಬರೀ ಅವಳಿಗೆ ಕೇಳಿಸುವ ಹಾಗೆ ಕೇಳಿದ. "ಒಂದ್ಸಲ ಓದಿ ನೋಡು. ಅಷ್ಟು ಸಾಕು."

"ಓದೋದೇನಿದೆ? ಅನುಮತಿ ಇಲ್ಲ ಅಂತ ಎದುರಿಗೇ ಬರ್ತಾ ಇದೆಯಲ್ಲ! ಹೆಸರು ನಿನ್ನೊಬ್ಬನಿಗೇ ಬರಲಿ ಅಂತ ತಾನೇ? ನಿನ್ನಂಥ ಹೊಟ್ಟೆಕಿಚ್ಚಿನವನ ಜೊತೆ ಊಟ ಹಂಚಿಕೊಂಡೆನಲ್ಲ... ಛೀ!"

ಕೋದಂಡಪ್ಪ ಮುಂದೆ ಬಂದರು.

"ಏನಪ್ಪಾ, ನಿಜವಾ?"

"ಮಾಡಿದ್ದು ನಾನೇ ಸರ್," ಎಂದ ಸಾಯಿ.

ಅಷ್ಟೇ. ಅದಕ್ಕಿಂತ ಒಂದು ಮಾತೂ ಆಡಲಿಲ್ಲ. ಅವನ ಮೌನ ಅವಳ ಸಿಟ್ಟಿಗೆ ಇನ್ನಷ್ಟು ಎಣ್ಣೆ ಹಾಕಿತು.

"ಇನ್ಮೇಲೆ ನನ್ನ ಕಣ್ಮುಂದೆ ಬರಬೇಡ."

ಅವನು ಅವಳನ್ನು ಒಂದು ಸಲ ನೋಡಿದ. ತಲೆಯಾಡಿಸಿ ಹೊರಟುಹೋದ. ಕೋದಂಡಪ್ಪನವರ ದೂರಿನ ಮೇಲೆ ಆ ವಾರವೇ ಆಫೀಸಿನವರು ಅವನನ್ನು ಕೆಲಸದಿಂದ ತೆಗೆದರು. ಬರಬೇಡ ಎಂದದ್ದಕ್ಕೆ ಅವನು ಮತ್ತೆಂದೂ ಬರಲಿಲ್ಲ. ಹೇಳುತ್ತೇನೆ ಎಂದಿದ್ದ ಆ ಮಾತನ್ನೂ ಹೇಳಲಿಲ್ಲ.

ತೂಕ, ಫ್ಯಾಟ್ ಎರಡನ್ನೂ ಲಿಖಿತ ಒಂದೇ ಪ್ರೋಗ್ರಾಮಿನಲ್ಲಿ ಹೊಸದಾಗಿ ಬರೆದಳು. ಇಬ್ಬರಿಲ್ಲದ ಮೇಲೆ ಬೀಗವೇ ಬೇಕಾಗಲಿಲ್ಲ. ಕೋಲಾರದವರು ಮತ್ತೊಮ್ಮೆ ಬಂದು ನೋಡಿ ಒಪ್ಪಿದರು. ಕೋದಂಡಪ್ಪ ಮಾತು ಉಳಿಸಿಕೊಂಡರು, ಸುತ್ತಲಿನ ಡೇರಿಗಳ ಕೆಲಸವೆಲ್ಲ ಅವಳಿಗೇ ಬಂತು. ಮಧ್ಯಾಹ್ನ ಡಬ್ಬಿ ತೆರೆದಾಗ ಮಾತ್ರ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹುಟ್ಟಿದಾಗಿನಿಂದ ಮುದ್ದೆ ನುಂಗಿದವಳಿಗೆ!

ಸಿಟ್ಟು ಕರಗಲು ವರ್ಷಗಳೇ ಹಿಡಿದವು. ಸಿಟ್ಟು ಹೋದ ಜಾಗದಲ್ಲಿ ಅವನ ಮುಖ ಹಾಗೇ ಉಳಿದಿತ್ತು.

ಈ ವರ್ಷ ಡೇರಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಖಾಲಿ ಮಾಡಿಕೊಡಲು ಲಿಖಿತಳನ್ನು ಕರೆದರು. ಹಾಲು ಅಳೆದು ಮುಗಿದ ಹೊತ್ತು. ಡೇರಿಯಲ್ಲಿ ಯಾರೂ ಇರಲಿಲ್ಲ. ಧೂಳು ಕೊಡವಿ ಗುಂಡಿ ಒತ್ತಿದಳು. ಒಂದು ಮೂಲೆಯಲ್ಲಿ ಅವನ ಪ್ರೋಗ್ರಾಂ ಇನ್ನೂ ಇತ್ತು, ಅವಳ ಹಳೆಯದೂ ಇತ್ತು.

ಅಳಿಸಬೇಕು. ಬೆರಳು ಮುಂದೆ ಹೋಗಲಿಲ್ಲ.

ಒಂದ್ಸಲ ಓದಿ ನೋಡು. ಅಷ್ಟು ಸಾಕು...

ಎಷ್ಟೋ ರಾತ್ರಿ ಕಿವಿಯಲ್ಲಿ ಗುಂಯ್‌ಗುಟ್ಟಿದ್ದ ಮಾತು. ಅವಳು ಅವನ ಪ್ರೋಗ್ರಾಂ ಶುರು ಮಾಡಿದಳು. ಬೀಗ ಹುಟ್ಟಿತು. ಈ ಸಲ ಎಲ್ಲಾ ಹಕ್ಕು ಕೇಳಲಿಲ್ಲ. ಜೀವನದಲ್ಲಿ ಮೊದಲ ಸಲ, ಬರೀ ಓದುವ ಹಕ್ಕು ಕೇಳಿದಳು.

ಒಂದು ಚೂರೂ ತಕರಾರಿಲ್ಲದೆ ನಿಯಮಗಳು ತೆರೆದುಕೊಂಡವು!

ಲಿಖಿತ: ಬೀಗ ಹಿಡಿಯುವುದು, ಬಿಡುವುದು, ಇಲ್ಲ.

ಲಿಖಿತ: ನಿಯಮ ಓದುವುದು, ಉಂಟು.

ಲಿಖಿತ: ನಿಯಮ ಬದಲಿಸುವುದು, ಉಂಟು.

ಅವಳು ಮತ್ತೊಮ್ಮೆ ಓದಿದಳು. ನಿಯಮ ಬದಲಿಸುವ ಹಕ್ಕಿನ ಮುಂದೆ ಅವನು ತನ್ನ ಹೆಸರನ್ನೂ ಬರೆದಿರಲಿಲ್ಲ. ಅಲ್ಲಿ ಇದ್ದದ್ದು ಅವಳ ಹೆಸರೊಂದೇ. ಬೇಕೆಂದಾಗ ಅವಳೇ ಆ 'ಇಲ್ಲ'ವನ್ನು ತೆಗೆದುಹಾಕಬಹುದಿತ್ತು. ಆ ದಿನವೇ. ಆ ನಿಮಿಷವೇ!

ನನ್ನನ್ನ ಹೊರಗೆ ಹಾಕಿರಲಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದ್ದ, ಅಷ್ಟೇ. ಯಾಕೆ ಸಾಯಿ? ಯಾಕೆ ನಿಲ್ಲಿಸಿದೆ?

'ಇಲ್ಲ'ವನ್ನು ತೆಗೆದಳು. ತನ್ನ ಹಳೆಯ ಪ್ರೋಗ್ರಾಂ ಓಡಿಸಿ, ಬರೀ ಪರೀಕ್ಷೆಗೆಂದು ಅಮ್ಮನ ಹೆಸರಿಗೆ ಒಂದು ಕ್ಯಾನಿನ ಲೆಕ್ಕ, ಅದರ ಹಿಂದೆಯೇ ಬೇರೆಯವರ ಕ್ಯಾನಿನ ಲೆಕ್ಕ ತುಂಬಿದಳು. ಸಾಲು ಉದ್ದವಿದ್ದಾಗ ಡೇರಿಯಲ್ಲಿ ತುಂಬುವ ಹಾಗೆಯೇ, ಗಡಿಬಿಡಿಯಲ್ಲಿ.

ಅವಳ ಪ್ರೋಗ್ರಾಂ ನಡುವೆಯೇ ನಿಂತುಹೋಯಿತು. ಬೀಗವನ್ನು ಬಿಡದೆಯೇ ಸತ್ತಿತ್ತು. ಅವನ ಪ್ರೋಗ್ರಾಂ ಎಚ್ಚರಿಕೆ ತೋರಿಸಿತು: 'ಬೀಗ ಹಿಡಿದವರು ಬಿಡದೆ ಹೋಗಿದ್ದಾರೆ. ಬರೆದದ್ದನ್ನು ನಂಬಬೇಡಿ.' ಅರ್ಧ ಬರೆದ ಚೀಟಿಯ ಮೇಲೆ ಅಮ್ಮನ ಹೆಸರು. ಕೆಳಗೆ ಯಾರದೋ ಫ್ಯಾಟ್.

ತಪ್ಪು ಅವಳದು. ಪೂರ್ತಿ ಅವಳದೇ.

ಹಿಂದಿನ ಸಂಜೆ ಅವನಿಗೆ ಇದು ಗೊತ್ತಾಗಿತ್ತು. ಫೋನು ಮಾಡಿದ, ಮಾಡಿದ, ಮಾಡಿದ. ಅವಳು ಎತ್ತಲಿಲ್ಲ. ಊರಿನವರ ಹಾಲು ಅದಲು ಬದಲಾಗಿ ಅವಳ ಹೆಸರು ಕೆಡಬಾರದೆಂದು ಅವಳನ್ನು ನಿಲ್ಲಿಸಿದ. ಸರಿಮಾಡಿದ ಮೇಲೆ ಅವಳೇ ತೆರೆದುಕೊಳ್ಳಲಿ ಎಂದು ಹಕ್ಕನ್ನು ಅವಳ ಕೈಗೇ ಕೊಟ್ಟ. ಅಷ್ಟು ಜನರ ಮುಂದೆ ಅವಳು ಉಗಿದಾಗ, ನಿಜ ಹೇಳಿದರೆ ಅವಳ ಮಾನ ಹೋಗುತ್ತದೆಂದು ತನ್ನದನ್ನು ಬಿಟ್ಟುಕೊಟ್ಟ.

ಲಿಖಿತ ಖಾಲಿ ಡೇರಿಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಮಾರನೇ ಬೆಳಿಗ್ಗೆ ಸಾಲು ಅಷ್ಟುದ್ದ ಇದ್ದಾಗಲೇ ಅವಳು ತಕ್ಕಡಿಯ ಪಕ್ಕ ನಿಂತು ಎಲ್ಲವನ್ನೂ ಹೇಳಿದಳು. ಸಾಲಿನಲ್ಲಿ ಗುಸುಗುಸು ಎದ್ದಿತು. ಆದರೂ ನಿಲ್ಲಿಸಲಿಲ್ಲ.

"ಅವತ್ತು ಕೆಟ್ಟಿದ್ದು ನನ್ನ ಕೆಲಸ. ಅವನದಲ್ಲ. ಅವನನ್ನ ನಾನು ಇಲ್ಲೇ, ಇದೇ ಜಾಗದಲ್ಲಿ, ನಿಮ್ಮೆಲ್ಲರ ಮುಂದೆ ಬೈದಿದ್ದೆ. ಅದಕ್ಕೇ ಇಲ್ಲೇ ಹೇಳ್ತಿದೀನಿ."

ಕೋದಂಡಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. "ನಾನೂ ಇಚಾರಿಸ್ದೇನೇ ಅವನ ಕೆಲ್ಸ ಕಳದ್ಬುಟ್ಟೆ ಕಣಮ್ಮಾ," ಎಂದರು.

ಮುನಿಗಂಗಮ್ಮ ಕ್ಯಾನನ್ನು ಕೆಳಗಿಟ್ಟಳು.

"ನನ್ ಆಲಿಗೆ ಒಂದಿನ ಫ್ಯಾಟ್ ಕಮ್ಮಿ ಬಂದಿದ್ರೆ ಏನೇ ಆಗ್ತಿತ್ತು? ನಾಲ್ಕು ಬೈಗುಳ ಬೈತಿದ್ದೆ, ಮುಗೀತಿತ್ತು. ಅದ್ಕೋಸ್ಕರ ಅಂಥಾ ಉಡುಗನ್ನ ಕಳ್ಸಿಬುಟ್ಯಲ್ಲೇ..."

"ಅಮ್ಮಾ..."

"ನನ್ ಮುಂದೆ ಯಾಕೆ ಅಳ್ತೀಯ? ಓಗು. ಅವನ ಮುಂದೆ ಓಗಿ ಅಳು."

ಧೈರ್ಯ ಕೂಡಿಸಿಕೊಳ್ಳುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಲಿಖಿತ ಸ್ಕೂಟಿ ತೆಗೆದಳು. ಮಾರಿಕುಪ್ಪಂ ತಲುಪಿ, ಅವರಿವರನ್ನು ಕೇಳಿ ಕೇಳಿ ಮನೆ ಹುಡುಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಬಾಗಿಲಲ್ಲಿ ಕೂತು ಹೂವು ಕಟ್ಟುತ್ತಿದ್ದ ಹೆಂಗಸು ತಲೆಯೆತ್ತಿದಳು.

"ಯಾರಮ್ಮಾ ಬೇಕು?"

"ಸಾಯಿಕುಮಾರ್... ನಾನು ಲಿಖಿತ ಅಂತ."

ಸಾಯಿಯ ಅಮ್ಮ ಮಾರಿಯಮ್ಮನ ಕೈ ನಿಂತಿತು. "ಓ... ಮುದ್ದೆ ಪೊಣ್ಣು, ಆ ಮುದ್ದೆ ಹುಡ್ಗಿ, ನೀನೇನಾ?"

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಲಿಖಿತಳಿಗೆ. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು.

"ರಾಬರ್ಟ್‌ಸನ್‌ಪೇಟೆ ಅಂಗಡೀಲಿ ಬಿಲ್ಲು ಮಿಷಿನ್ ರಿಪೇರಿ ಮಾಡ್ತಾನೆ. ಈ ಟೈಮ್ಗೆ ಸ್ಟೇಷನ್ನಲ್ಲಿರ್ತಾನೆ. ಬಂಗಾರಪೇಟೆ ವಂಡಿ ಬರೋ ವೇಳೆಗೆ ದಿನಾ ಹೋಗಿ ಕೂತ್ಕೊಂತಾನೆ. ಯಾಕ್ಡಾ ಅಂದ್ರೆ ಗಾಳಿಗೆ ಅಂತಾನೆ. ಮನೇಲಿ ಗಾಳಿ ಇಲ್ವಾಮ್ಮಾ?"

ಲಿಖಿತ ಕೈಮುಗಿದು ಸ್ಟೇಷನ್ ಕಡೆ ಸ್ಕೂಟಿ ತಿರುಗಿಸಿದಳು.

ಸ್ಟೇಷನ್ನಿನಲ್ಲಿ ರೈಲು ಬಂದು ನಿಂತಿತ್ತು. ಇಳಿದವರೆಲ್ಲ ಮನೆಯ ದಾರಿ ಹಿಡಿದಿದ್ದರು. ಕೊನೆಯ ಬೆಂಚಿನಲ್ಲಿ ಸಾಯಿ ಕೂತಿದ್ದ. ಪಕ್ಕದಲ್ಲಿ ಊಟದ ಚೀಲ. ಕಣ್ಣು ರೈಲಿನ ಬಾಗಿಲುಗಳ ಮೇಲೆ.

ಅವಳು ಹಿಂದಿನಿಂದ ಬಂದಳು. ಹತ್ತಿರ ಹೋಗಲು ಧೈರ್ಯ ಸಾಲದೆ ಸ್ವಲ್ಪ ದೂರದಲ್ಲೇ ನಿಂತಳು.

"ಸಾಯಿ..."

ಅವನು ತಿರುಗಿದ. ಎದ್ದು ನಿಂತ. ಕಣ್ಣು ಅಗಲವಾಯಿತು, ಆಮೇಲೆ ಕೆಳಗಾಯಿತು.

"ನಿಯಮ ಓದಿದೆ," ಎಂದಳು.

ಅವನು ಬೆಂಚಿನ ಹಿಂಬದಿಯನ್ನು ಹಿಡಿದುಕೊಂಡ.

"ಓದೋಕೆ ಇಷ್ಟು ವರ್ಷ ತಗೊಂಡೆ. ನೀನು ಅವತ್ತು ಕೇಳಿದ್ದು ಅದೊಂದೇ. ಅದನ್ನೂ ಮಾಡ್ಲಿಲ್ಲ. ಡೇರೀಲಿ ಎಲ್ಲರಿಗೂ ಹೇಳಿಬಂದೆ, ತಪ್ಪು ನಂದು ಅಂತ. ಅದರಿಂದ ನಿನ್ನ ಕೆಲಸ ವಾಪಸ್ ಬರಲ್ಲ. ಹೋದ ವರ್ಷಗಳೂ ಬರಲ್ಲ. ಗೊತ್ತು..."

ಅವನು ನೆಲ ನೋಡುತ್ತಲೇ ಹೇಳಿದ.

"ತಪ್ಪು ನಿಂದೊಂದೇ ಅಲ್ಲ. ಬಾಯಿ ಬಿಟ್ಟು ಹೇಳೋದು ಬಿಟ್ಟು, ನಿಯಮದಲ್ಲಿ ಬರೆದಿಟ್ಟು ನೀನು ಓದ್ತೀಯ ಅಂತ ಕೂತೆ. ಒಂದು ಕಾಗದ ಹಾಕಬಹುದಿತ್ತು. ಮಾರನೇ ದಿನ ಬರಬಹುದಿತ್ತು. ನೀನು ಬರಬೇಡ ಅಂದೆ ಅಂತ ನಾನೂ ಬಿಗುಮಾನದಲ್ಲಿ ಇದ್ಬಿಟ್ಟೆ."

"ನೋವಾಯ್ತಾ ತುಂಬಾ?"

"ಹೊಟ್ಟೆಕಿಚ್ಚಿನವನು ಅಂದ್ಯಲ್ಲ... ಅದೊಂದು."

ಲಿಖಿತಳ ಕಣ್ಣಿಂದ ನೀರು ಇಳಿಯಿತು. ಕಾಲಿಗೆ ಬೀಳಲೇ, ಕೈ ಹಿಡಿಯಲೇ, ನೀನೇ ಬೇಕು ಎಂದು ಕೂಗಲೇ? ಮನಸ್ಸು ಎಲ್ಲವನ್ನೂ ಒಟ್ಟಿಗೆ ಕೇಳಲು ಹೊರಟಿತು. ಅವಳು ಅದನ್ನು ಹಿಡಿದು ನಿಲ್ಲಿಸಿದಳು.

"ಎಲ್ಲಾ ಒಟ್ಟಿಗೆ ಕೇಳಲ್ಲ ಸಾಯಿ. ಇವತ್ತು ಒಂದೇ ಕೇಳ್ತೀನಿ. ಇಲ್ಲಿ... ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂರಬಹುದಾ?"

ಅವನು ಬಗ್ಗಿ ಊಟದ ಚೀಲವನ್ನು ಎತ್ತಿ ತನ್ನ ಕಾಲ ಬಳಿ ಇಟ್ಟ.

"ಕೂತ್ಕೋ."

ಇಬ್ಬರೂ ಕೂತರು. ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು. ರೈಲು ಮತ್ತೆ ಬಂಗಾರಪೇಟೆ ಕಡೆ ಹೊರಟಿತು. ಅದು ಹೋದ ಮೇಲೆ ಸ್ಟೇಷನ್ನು ಖಾಲಿಯಾಯಿತು.

"ಅವತ್ತು ನೀನು ಒಂದು ಮಾತು ಹೇಳ್ತೀನಿ ಅಂದಿದ್ದೆ," ಎಂದಳು ಅವಳು, ಮೆಲ್ಲಗೆ. "ಅದು... ಇನ್ನೂ ಇದೆಯಾ?"

"ಒಂದೇ ಕೇಳ್ತೀನಿ ಅಂದೆ?"

ಅವಳು ತಟ್ಟನೆ ತಲೆ ತಗ್ಗಿಸಿದಳು. "ತಪ್ಪಾಯ್ತು. ಬೇಡ, ಹೇಳಬೇಡ."

ಅವನ ತುಟಿಯ ಅಂಚಿನಲ್ಲಿ, ಎಷ್ಟೋ ಕಾಲದ ಮೇಲೆ, ಹಳೆಯ ನಗು ಸುಳಿಯಿತು.

"ಇದೆ ಲಿಖಿತಾ. ಹಾಗೇ ಇದೆ."

ಅವಳು ಅತ್ತಳು. ಅವನು ತಡೆಯಲಿಲ್ಲ, ಎದ್ದೂ ಹೋಗಲಿಲ್ಲ. ಅಳು ಮುಗಿಯುವ ತನಕ ಪಕ್ಕದಲ್ಲೇ ಇದ್ದ.

"ಹೇಗೆ ಬಂದೆ?" ಆಮೇಲೆ ಕೇಳಿದ.

"ಸ್ಕೂಟೀಲಿ."

"ದಿನಾ ರೈಲಿನ ಬಾಗಿಲು ನೋಡ್ತಾ ಕೂತೆ. ನೀನು ಸ್ಕೂಟೀಲಿ ಬಂದೆ."

"ಈಗೇನ್ಮಾಡ್ಲಿ?"

ಅವನು ಖಾಲಿ ಹಳಿಯನ್ನು ನೋಡಿದ. ಧ್ವನಿ ಸಣ್ಣಗಾಯಿತು.

"ನಾಳೆ ರೈಲಲ್ಲಿ ಬಾ. ನೀನು ಇಳಿಯೋದು ಒಂದ್ಸಲ ನೋಡಬೇಕು."